ಮಾಟೋಳಿಯಲ್ಲಿ ತೂಗಿದ ಸೂಪಾ

ಹೋದ ಡಿಸೆಂಬರಿನಲ್ಲಿ ಗಣೇಶಗುಡಿ ಕಡೆಯ ಒಂದು ರೆಸಾರ್ಟಿನಲ್ಲಿ ಪರಿಚಯದವರ ಮದುವೆಯ ಆರತಕ್ಷತೆ ಇತ್ತು. ಆಜಿಯನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಊಟದ ಹಾಲಿನಲ್ಲಿ ಸಿಹಿತಿಂಡಿಗೆಂದೇ ಬೇರೆ ಮೇಜು. ಜಾಮೂನು, ಕೇಕು, ಐಸ್‌ಕ್ರೀಮಿನ ನಡುವೆ ಹಣ್ಣಿನದೊಂದು ಗುಡ್ಡವನ್ನೇ ಕಟ್ಟಿದ್ದರು. ಕಲ್ಲಂಗಡಿ ಕೊರೆದು ಮಾಡಿದ ಹಂಸ, ಅನಾನಸ್ಸಿನ ಜುಟ್ಟಿನಿಂದ ಮಾಡಿದ ತೆಂಗಿನಮರ, ಅದರ ಬುಡದಲ್ಲಿ ಕಿವಿ, ಡ್ರ್ಯಾಗನ್ ಫ್ರೂಟ್, ದ್ರಾಕ್ಷಿ. ತಿನ್ನುವವರಿಗಿಂತ ಅದರ ಮುಂದೆ ನಿಂತು ಸೆಲ್ಫಿ ತೆಗೆಯುವವರೇ ಹೆಚ್ಚು.

ಆಜಿ ಅದನ್ನು ನೋಡಿದರು, ಆಮೇಲೆ ತಲೆ ಎತ್ತಿ ಹಾಲಿನ ಚಾವಣಿ ನೋಡಿದರು. "ಇದು ಮಾಟೋಳಿನೇ ಅಲ್ವೇನೋ? ಕೆಳಗೆ ಯಾಕೆ ಇಟ್ಟಿದ್ದಾರೆ?" ಅಂದರು.

ನಕ್ಕುಬಿಟ್ಟೆ. ಬಡಿಸುತ್ತಿದ್ದ ಹುಡುಗನನ್ನು ಕರೆದು, ಹಂಸವನ್ನು ಯಾವಾಗ ಕತ್ತರಿಸಿ ಕೊಡುತ್ತೀರಿ ಎಂದು ಆಜಿಯ ಪರವಾಗಿ ಕೇಳಿದೆ. "ಅದು ತಿನ್ನೋದಕ್ಕಲ್ಲ ಸರ್, ಫೋಟೋಕ್ಕೆ. ರಾತ್ರಿ ಎಸೀತೇವೆ" ಅಂದ. ಆಜಿಗೆ ಈ ಮಾತು ಕೇಳಿಸಿತು. ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಆಜಿಯ ಆ ಪ್ರಶ್ನೆಯ ಬೆನ್ನು ಹತ್ತಿ ನಾಲ್ಕಾರು ತಿಂಗಳು ತಿರುಗಿದ್ದೇನೆ. ಹಣ್ಣು ಕಟ್ಟುವ ನಮ್ಮ ಚೌಕಟ್ಟಿಗೂ ನಮ್ಮ ಸೂಪಾ ಸೀಮೆಯ ಚರಿತ್ರೆಗೂ ಇಷ್ಟು ಸಂಬಂಧ ಇದ್ದೀತು ಎಂದು ನಾನು ಅಂದುಕೊಂಡಿರಲಿಲ್ಲ.

ಮಾಟೋಳಿ ಗೊತ್ತಿಲ್ಲದ ಓದುಗರಿಗೆ ಮೊದಲು ಅದೇನೆಂದು ಹೇಳುತ್ತೇನೆ. ಚೌತಿಗೆ ಗಣಪತಿ ಕೂರಿಸುವ ಜಾಗದ ಮೇಲೆ, ಸರಿಯಾಗಿ ಮೂರ್ತಿಯ ತಲೆಯ ನೇರಕ್ಕೆ, ಮರದ ಅಥವಾ ಬಿದಿರಿನ ಚೌಕಟ್ಟೊಂದನ್ನು ಜಂತಿಗೆ ಹಗ್ಗ ಕಟ್ಟಿ ತೂಗಿಬಿಡುತ್ತಾರೆ. ಕಿಟಕಿಯ ಸರಳಿನ ಹಾಗೆ ಅಡ್ಡ ಉದ್ದ ಪಟ್ಟಿಗಳಿರುತ್ತವೆ. ಆ ಪಟ್ಟಿಗಳಿಗೆ ಮಾವಿನೆಲೆ, ತೆಂಗಿನ ಗೊನೆ, ಅಡಿಕೆ ಗೊನೆ, ಬಾಳೆಗೊನೆ ಕಟ್ಟುವುದು. ನಡುವೆ ಸೌತೆ, ಹಾಗಲ, ಪಡವಲ, ಹೀರೆ, ಚಕ್ಕೋತ, ಮಾದಲಕಾಯಿ, ಅಮಟೆಕಾಯಿ, ಸೀತಾಫಲ, ಅನಾನಸ್, ಬತ್ತದ ತೆನೆ. ಕಾಡಿನಿಂದ ತಂದ ಮಾಡಹಾಗಲ, ಕೆಂಪು ಚೆಂಡಿನಂಥ ಕವಂಡಳ, ಇನ್ನೂ ಹೆಸರು ಮರೆತ ಎಷ್ಟೋ ಬಳ್ಳಿಯ ಕಾಯಿಗಳು. ಕೊಂಕಣಿಯಲ್ಲಿ 'ಮಾಟವ' ಅಂದರೆ ಚಪ್ಪರ. ಮಾಟೋಳಿ ಅಂದರೆ ಪುಟ್ಟ ಚಪ್ಪರ, ಹಣ್ಣಿನ ಚಪ್ಪರ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾತಾಡುವ ಮನೆಗಳಲ್ಲಿ ಇದನ್ನು ಫಲಾವಳಿ ಅನ್ನುತ್ತಾರೆ. ಹೆಸರು ಬೇರೆಯಾದರೂ ಕಟ್ಟುವ ರೀತಿ ಹೆಚ್ಚುಕಡಿಮೆ ಒಂದೇ.

ಕಟ್ಟುವುದಕ್ಕೂ ಕ್ರಮ ಇದೆ. ಭಾರದ ಗೊನೆಗಳನ್ನು ಮೂಲೆಗೆ ಕಟ್ಟಬೇಕು, ಇಲ್ಲದಿದ್ದರೆ ಚೌಕಟ್ಟು ಓಲುತ್ತದೆ. ಹಗುರದ್ದು ನಡುವಿಗೆ. ಹಿಂದೆ ಪ್ಲಾಸ್ಟಿಕ್ ದಾರ ಎಲ್ಲಿತ್ತು? ಬಾಳೆನಾರು, ಇಲ್ಲವೇ ಕೊಂಕಣಿಯಲ್ಲಿ ಕುಂಬ್ಯೊ ಅನ್ನುವ ಕಾಡುಮರದ ತೊಗಟೆಯ ನಾರು. ಈ ನಾರಿನ ಗುಣ ಏನೆಂದರೆ ಹಸಿಯಿದ್ದಾಗ ಕಟ್ಟಿದರೆ ಒಣಗುತ್ತಾ ಬಿಗಿಯುತ್ತದೆ. ಹಣ್ಣು ಕಳಿತು ತೊಟ್ಟು ಸಡಿಲವಾದರೂ ದೇವರ ತಲೆಯ ಮೇಲೆ ಬೀಳದು ಎಂಬ ಧೈರ್ಯ. ಆಜಿ ಹೇಳುವ ಪ್ರಕಾರ ಅವರ ಮಾವನವರು ಚೌತಿಗೆ ಎರಡು ದಿನ ಮೊದಲೇ ಕತ್ತಿ ಹಿಡಿದು ಕಾಡಿಗೆ ಹೋದರೆ ಸಂಜೆ ಬರುತ್ತಿದ್ದುದು ಬೆನ್ನ ತುಂಬ ಬಳ್ಳಿ ಹೊತ್ತುಕೊಂಡು.

ಮಾಟೋಳಿ ಯಾವಾಗ ಶುರುವಾಯಿತು ಎಂಬುದಕ್ಕೆ ಇಸವಿ ಹುಡುಕುವುದು ದಂಡ. ಮಳೆಗಾಲದ ಮೊದಲ ಫಸಲನ್ನು ದೇವರಿಗೆ ತೋರಿಸುವ ರೂಢಿ ರೈತರಲ್ಲಿ ಎಲ್ಲ ಕಡೆಯೂ ಇದೆ. ಆದರೆ ಮಾಟೋಳಿಯ ಊರು ಯಾವುದು ಅಂದರೆ ಗೋವಾ, ಕಾರವಾರ, ಅಂಕೋಲಾ, ಘಟ್ಟದ ಮೇಲಿನ ನಮ್ಮ ಸೂಪಾ. ನಮ್ಮ ಸೂಪಾದ ಎಷ್ಟೋ ಮನೆತನಗಳು, ಕುಣಬಿಗಳೂ ಸೇರಿ, ತಮ್ಮ ಮೂಲ ಗೋವಾ ಎಂದೇ ಹೇಳಿಕೊಳ್ಳುತ್ತವೆ. ಯಾಕೆ ಬಂದರು ಎಂದು ಕೇಳಿದರೆ ಪೋರ್ಚುಗೀಸರ ಕಾಲಕ್ಕೆ ಹೋಗಬೇಕು.

ಗೋವಾದಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಶುರುವಾಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ನಡೆಯಿತು. ದೇವಸ್ಥಾನಗಳು ಬಿದ್ದವು. ಎಷ್ಟೋ ದೇವರುಗಳನ್ನು ರಾತ್ರೋರಾತ್ರಿ ಹೊತ್ತುಕೊಂಡು ಜನ ಹೊಳೆ ದಾಟಿದರು. ಕೆಲವರು ಫೋಂಡಾ ಕಡೆಗೆ, ಕೆಲವರು ಕಾರವಾರ, ಅಂಕೋಲಾ ಕಡೆಗೆ, ಕೆಲವರು ಘಟ್ಟ ಹತ್ತಿ ನಮ್ಮ ಕಾಡಿಗೆ. 1736ರಲ್ಲಿ ಹೊರಟ ಒಂದು ಆದೇಶವಂತೂ ಮತಾಂತರಗೊಂಡವರ ಮನೆಯೊಳಗೆ ಉಳಿದಿದ್ದ ಹಳೆಯ ಪದ್ಧತಿಗಳನ್ನೇ ಗುರಿ ಮಾಡಿತು. ಅಂಗಳದಲ್ಲಿ ತುಳಸಿ ಇಡಬಾರದು, ಮದುವೆಯಲ್ಲಿ ವೀಳ್ಯ, ಅಡಿಕೆ, ಹೂವು ಹಂಚಬಾರದು ಎಂದೆಲ್ಲ. ಇದನ್ನು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಒಂದು ಎಲೆ, ಒಂದು ಕಾಯಿ ಒಬ್ಬ ಮನುಷ್ಯ ಯಾರು ಎಂದು ಹೇಳಿಬಿಡುತ್ತದೆ ಎಂಬುದು ಆ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಹಿಂದೆ ಮೂರ್ತಿಯ ಬದಲು ಕಾಗದದ ಚಿತ್ರವನ್ನೋ ಪತ್ರೆಯನ್ನೋ ಇಟ್ಟು ಚೌತಿ ಮಾಡುವ ಮನೆಗಳು ಗೋವಾದಲ್ಲಿ ಇವತ್ತಿಗೂ ಇವೆ. ಅದು ಆ ಭಯದ ಕಾಲದ ಉಳಿಕೆ ಎಂದು ಅವರು ಹೇಳುತ್ತಾರೆ.

ನಮ್ಮ ಪಕ್ಕದ ಸಾಂಗೆ, ಕಾಣಕೋಣಗಳು ಪೋರ್ಚುಗೀಸರ ಕೈಗೆ ಹೋದದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಹೈದರಾಲಿ ಸೋದೆಯನ್ನು ಹಿಡಿದಾಗ ಅಲ್ಲಿನ ಅರಸರು ಗೋವಾಕ್ಕೆ ಓಡಿಹೋಗಿ ಆಶ್ರಯ ಪಡೆದ ಮೇಲೆ. ಸೂಪಾ ಕೂಡ ಆ ಸೋದೆಯ ಸೀಮೆಗೇ ಸೇರಿದ್ದ ಊರು. ಹೊಸದಾಗಿ ಸೇರಿದ ಆ ಭಾಗಗಳಲ್ಲಿ ಹಳೆಯ ಗೋವಾದಷ್ಟು ಧರ್ಮದ ಬಿಗಿ ಇರಲಿಲ್ಲ. ಹಾಗಾಗಿ ಗಡಿಯ ಆಚೆಗೂ ಈಚೆಗೂ ಮಾಟೋಳಿ ರಾಜಾರೋಷವಾಗಿ ತೂಗಿತು.

ಈಗ ಸ್ವಾರಸ್ಯದ ವಿಷಯಕ್ಕೆ ಬರುತ್ತೇನೆ. ಮಾಟೋಳಿಯಲ್ಲಿ ತೂಗುವ ಹಣ್ಣುಗಳಲ್ಲಿ ಎಷ್ಟು ನಮ್ಮವು?

ಬಾಳೆ, ಸೌತೆ, ಮಾವು, ಹಲಸು, ಮುರುಗಲು ಇವೆಲ್ಲ ಈ ಸೀಮೆಯ ಹಳೆಯ ಒಕ್ಕಲು. ಆದರೆ ಅನಾನಸ್? ಅದು ದಕ್ಷಿಣ ಅಮೆರಿಕದ್ದು. ಹೆಸರೇ ಅಲ್ಲಿಯ ಮೂಲನಿವಾಸಿಗಳದು, ಪೋರ್ಚುಗೀಸರ ಬಾಯಿಂದ ನಮ್ಮ ಬಾಯಿಗೆ ಬಂತು. ಸೀತಾಫಲ, ಪಪ್ಪಾಯಿ, ಪೇರಲೆ, ಗೇರು, ಅಷ್ಟೇ ಏಕೆ, ಮೆಣಸಿನಕಾಯಿ ಕೂಡ ಅದೇ ಕಡೆಯಿಂದ ಬಂದವು. ಪಪ್ಪಾಯಿಗೆ ಬಯಲುಸೀಮೆಯಲ್ಲಿ 'ಪರಂಗಿ' ಹಣ್ಣು ಎನ್ನುತ್ತಾರಲ್ಲ, ಅಲ್ಲಿ ಫಿರಂಗಿಯವರು ನೇರವಾಗಿಯೇ ಕೂತಿದ್ದಾರೆ. ಮರಾಠಿಯವರ 'ಪೇರು' ಪೋರ್ಚುಗೀಸರ 'ಪೇರಾ'ದಿಂದ. 'ಕಾಜು' ಅವರ 'ಕಾಜೂ'. ಅಂದರೆ ಯಾರಿಗೆ ಹೆದರಿ ನಮ್ಮ ಹಿರಿಯರು ದೇವರನ್ನು ಹೊತ್ತು ಘಟ್ಟ ಹತ್ತಿದರೋ, ಅವರೇ ತಂದ ಹಣ್ಣನ್ನು ಅದೇ ದೇವರ ತಲೆಯ ಮೇಲೆ ಕಟ್ಟಿದರು. ಕಟ್ಟಿ ಕೈಮುಗಿದರು. ಯಾರಿಗೂ ಮೈಲಿಗೆ ಅನ್ನಿಸಲಿಲ್ಲ. ಅನಾನಸ್ಸಿನ ತಪ್ಪೇನು?

ಈ ಅನಾನಸ್ಸಿನದೇ ಒಂದು ದೊಡ್ಡ ಕಥೆ. ಕೊಲಂಬಸ್ 1493ರಲ್ಲಿ ತನ್ನ ಎರಡನೇ ಯಾನದಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಇದನ್ನು ಕಂಡ. ಮೊಗಲ್ ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ, ಇದು ಫಿರಂಗಿಯವರ ಬಂದರುಗಳ ಹಣ್ಣು, ಈಗ ಆಗ್ರಾದ ತೋಟದಲ್ಲಿ ವರ್ಷಕ್ಕೆ ಸಾವಿರಾರು ಬಿಡುತ್ತವೆ ಎಂದು ಬರೆದುಕೊಂಡಿದ್ದಾನೆ. ಆದರೆ ಚಳಿಯ ಇಂಗ್ಲೆಂಡಿನಲ್ಲಿ ಇದನ್ನು ಗಾಜಿನ ಮನೆಯಲ್ಲಿ ಬೆಂಕಿಯ ಶಾಖ ಕೊಟ್ಟು ಬೆಳೆಸಬೇಕಿತ್ತು. ಹಾಗಾಗಿ 18ನೇ ಶತಮಾನದಲ್ಲಿ ಅಲ್ಲಿ ಒಂದು ಅನಾನಸ್ಸಿಗೆ ಚಿನ್ನದ ಬೆಲೆ. ಔತಣ ಕೊಡುವವರು ಅದನ್ನು ಒಂದು ಸಂಜೆಯ ಮಟ್ಟಿಗೆ ಬಾಡಿಗೆಗೆ ತಂದು ಮೇಜಿನ ನಡುವೆ ಇಡುತ್ತಿದ್ದರು. ಮರುದಿನ ಇನ್ನೊಬ್ಬರ ಮನೆಗೆ. ಕೊಳೆಯುವವರೆಗೂ ಯಾರೂ ತಿನ್ನುತ್ತಿರಲಿಲ್ಲ. ಹುಡುಗ ಹೇಳಿದ 'ಫೋಟೋಕ್ಕೆ ಸರ್' ಎಂಬ ಮಾತು ಇದನ್ನು ಓದುವಾಗ ನೆನಪಾಯಿತು. ಹಣ್ಣನ್ನು ನೋಡುವುದಕ್ಕೆ ಮಾತ್ರ ಇಡುವ ಚಾಳಿ ಮೊಬೈಲ್ ಬಂದ ಮೇಲಿನದಲ್ಲ, ಅದಕ್ಕೂ ಇನ್ನೂರೈವತ್ತು ವರ್ಷದ ವಯಸ್ಸಿದೆ.

ಕಲ್ಲಂಗಡಿ ಆಫ್ರಿಕಾದ್ದು, ಈಜಿಪ್ತಿನ ರಾಜ ತುತಾಂಖಾಮನ್‌ನ ಸಮಾಧಿಯೊಳಗೇ ಅದರ ಬೀಜ ಸಿಕ್ಕಿದೆ. ಕಿವಿ ಚೀನಾದ್ದು, ಡ್ರ್ಯಾಗನ್ ಫ್ರೂಟ್ ಮಧ್ಯ ಅಮೆರಿಕದ್ದು. ಆದ್ದರಿಂದ ರೆಸಾರ್ಟಿನ ಮೇಜು ವಿದೇಶಿ, ನಮ್ಮ ಮಾಟೋಳಿ ಸ್ವದೇಶಿ ಎಂದು ಬರೆದು ಮುಗಿಸಲು ನನಗೆ ದಾರಿ ಇಲ್ಲ. ಮಾಟೋಳಿ ಹೊಸಬರನ್ನು ಎಂದೂ ಬೇಡ ಅಂದಿಲ್ಲ. ಅದು ಕೇಳಿದ್ದು ಒಂದೇ: ಹಣ್ಣು ನಿನ್ನ ಹಿತ್ತಲಿನದೋ, ನಿನ್ನ ಕಾಡಿನದೋ, ನೆರೆಮನೆಯವರು ಕೊಟ್ಟದ್ದೋ ಆಗಿರಲಿ. ಬಂದ ಹಣ್ಣು ಊರಿನ ಮಣ್ಣಿಗೆ ಹೊಂದಿಕೊಂಡರೆ ನೂರು ವರ್ಷದೊಳಗೆ ಚೌಕಟ್ಟಿನಲ್ಲಿ ಜಾಗ ಸಿಗುತ್ತಿತ್ತು.

ಮಾಟೋಳಿಗೆ ನಿಜವಾದ ಪೆಟ್ಟು ಬಿದ್ದದ್ದು ಹಿತ್ತಲು ಮತ್ತು ಕಾಡು ಎರಡೂ ಕೈಬಿಟ್ಟಾಗ.

ಕಾಡಿನ ವಿಷಯ ಮೊದಲು. ನಮ್ಮ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬೈ ಇಲಾಖೆಗೆ ಸೇರಿತು. ಇಂಗ್ಲಿಷರಿಗೆ ಸೂಪಾದ ಕಾಡು ಅಂದರೆ ಸಾಗವಾನಿ. ಕುಣಬಿಗಳು ಮಾಡುತ್ತಿದ್ದ ಕುಮರಿ ಬೇಸಾಯ, ಅಂದರೆ ಕಾಡು ಸವರಿ ಸುಟ್ಟು ಬಿತ್ತುವುದು, ಅವರ ಕಣ್ಣಿಗೆ ಮರಗಳ ನಾಶವಾಗಿ ಕಂಡಿತು. 19ನೇ ಶತಮಾನದಲ್ಲೇ ಅದಕ್ಕೆ ಕಡಿವಾಣ ಬಿತ್ತು. 1883ರ ಕೆನರಾ ಗ್ಯಾಜೆಟಿಯರ್ ತೆರೆದರೆ ನಮ್ಮ ಕಾಡಿನ ಮರಗಳ ಉದ್ದನೆಯ ಪಟ್ಟಿಯೇ ಇದೆ. ಅಧಿಕಾರಿ ಮರ ಎಣಿಸುತ್ತಿದ್ದ ಕಾಲದಲ್ಲಿ ಅದೇ ಮರದ ಕಾಯಿಯನ್ನು ನಮ್ಮವರು ಚೌಕಟ್ಟಿಗೆ ಕಟ್ಟುತ್ತಿದ್ದರು. 1880ರ ದಶಕದ ಕೊನೆಗೆ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ಗೆ ರೈಲು ಬಂತು. ನಮ್ಮ ತಾಲೂಕಿನ ಆ ಪುಟ್ಟ ನಿಲ್ದಾಣ 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆ ಆಗುವವರೆಗೂ ಎರಡು ರಾಜ್ಯಭಾರಗಳ ನಡುವಿನ ಬಾಗಿಲು. ಸುಂಕದ ಕಟ್ಟೆ, ತಪಾಸಣೆ ಎಲ್ಲ ಇತ್ತು. ಆದರೆ ಕಾಲುದಾರಿಯಲ್ಲಿ ತಲೆಹೊರೆ ಹೊತ್ತು ಬರುವ ಸಂಬಂಧಿಕರಿಗೆ ಯಾವ ಸುಂಕ? ಚೌತಿಗೆ ಗೋವಾದ ಅತ್ತೆಮನೆಯಿಂದ ಅಂಥ ಹೊರೆಯಲ್ಲೇ ಚಕ್ಕೋತ ಬರುತ್ತಿತ್ತು ಎಂದು ಆಜಿ ಹೇಳುತ್ತಾರೆ.

ಆಮೇಲೆ 1956ರಲ್ಲಿ ದಾಂಡೇಲಿ ಅಭಯಾರಣ್ಯ, 1972ರಲ್ಲಿ ವನ್ಯಜೀವಿ ಕಾಯ್ದೆ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು. ಹುಲಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಈ ಕಾಡು ಉಳಿಯದಿದ್ದರೆ ಕಾಳಿ ಹೊಳೆಯೂ ಇಲ್ಲ. ಆದರೆ ಚೌತಿಯ ಮುನ್ನಾದಿನ ಕವಂಡಳದ ಬಳ್ಳಿ ಹುಡುಕಿಕೊಂಡು ಹೋಗುವ ಮುದುಕನಿಗೆ, ತಾನು ಕಳ್ಳನೋ ಭಕ್ತನೋ ಎಂದು ಅನುಮಾನ ಬರುವ ಹಾಗೆ ಆಗಿದ್ದೂ ನಿಜ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕನ್ನು ಬರೆದುಕೊಟ್ಟಿದೆ. ಪರಿಶಿಷ್ಟ ಪಂಗಡದವರಲ್ಲದವರು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಗೋವಾದ ಕುಣಬಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅದೇ ವರ್ಷ ನಮ್ಮ ಜಿಲ್ಲೆಯ ಸಿದ್ದಿಗಳಿಗೂ ಸಿಕ್ಕಿತು. ಘಟ್ಟದ ಈಚೆಗಿನ ಕುಣಬಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಒಂದೇ ಮಾಟೋಳಿ, ಒಂದೇ ಮಾತು, ನಡುವೆ ಒಂದು ರಾಜ್ಯದ ಗೆರೆ.

ಹಿತ್ತಲಿನ ಕಥೆ ಸೂಪಾ ಪೇಟೆಯದು.

ಈಗಿನ ಹುಡುಗರಿಗೆ ಸೂಪಾ ಅಂದರೆ ಡ್ಯಾಮು. ತಾಲೂಕಿನ ಕಚೇರಿ ಇರುವುದು ಜೊಯಿಡಾದಲ್ಲಿ. ಸೂಪಾ ಎಂಬ ಊರೇ ಇತ್ತು, ಕಾಳಿಯೂ ಪಾಂಡ್ರಿಯೂ ಕೂಡುವ ಜಾಗದಲ್ಲಿ ಪೇಟೆ, ಕಚೇರಿ, ಗುಡಿ, ಶಾಲೆ ಎಲ್ಲ ಇತ್ತು ಎಂದರೆ ಅವರಿಗೆ ಕಥೆ ಹೇಳಿದ ಹಾಗೆ. ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, 1987ಕ್ಕೆ ಕೆಲಸ ಮುಗಿಯಿತು. ನೀರು ತುಂಬಿದರೆ ಸಮುದ್ರಮಟ್ಟದಿಂದ 564 ಮೀಟರ್. ಅದರ ಬುಡದಲ್ಲಿ 100 ಮೆಗಾವ್ಯಾಟಿನ ವಿದ್ಯುದಾಗಾರ. ಕೆಳಗಿನ ನಾಗಝರಿ ವಿದ್ಯುದಾಗಾರಕ್ಕೂ ಇದೇ ನೀರೇ ಆಧಾರ. ರಾಜ್ಯಕ್ಕೆ ಬೆಳಕು ಬಂತು. ಊರು ಮುಳುಗಿತು. ಬಹಳಷ್ಟು ಜನ ಲೋಂಡಾ ಹತ್ತಿರದ ರಾಮನಗರಕ್ಕೆ ಬಂದು ನೆಲೆಸಿದರು. ನಮ್ಮ ಮನೆಯವರೂ ಹಾಗೆಯೇ ಬಂದವರು.

ಲಾರಿಗೆ ಏನೇನು ಹೇರಿದಿರಿ ಎಂದು ಆಜಿಯನ್ನು ಕೇಳಿದ್ದೆ. ಪಾತ್ರೆ, ಒರಳು, ಎರಡು ಪೆಟ್ಟಿಗೆ, ಗಣಪತಿ ಕೂರಿಸುವ ಪೀಠ, ಮಾಟೋಳಿಯ ಚೌಕಟ್ಟು. ಚೌಕಟ್ಟು ಯಾಕೆ, ನಾಲ್ಕು ಪಟ್ಟಿ ಮರ ಎಲ್ಲಿ ಬೇಕಾದರೂ ಸಿಗುತ್ತದಲ್ಲ ಅಂದೆ. "ಅದು ಹಲಸಿನ ಮರದ್ದು. ಹಿತ್ತಲಿಂದೇ. ಮರ ತರೋಕಾಗಲ್ಲ, ಅದನ್ನಾದ್ರೂ ತಂದ್ವಿ" ಅಂದರು.

ಹೊಸ ಊರಿನ ಮೊದಲ ಚೌತಿಯಲ್ಲಿ ಆ ಚೌಕಟ್ಟಿಗೆ ಕಟ್ಟಲು ಏನೂ ಇರಲಿಲ್ಲ. ಗಿಡ ನೆಟ್ಟರೆ ಬಾಳೆ ಒಂದು ವರ್ಷಕ್ಕೆ ಬಂದೀತು, ತೆಂಗು ಅಡಿಕೆಗೆ ಐದಾರು ವರ್ಷ ಬೇಕು, ಹಲಸಿಗೆ ಇನ್ನೂ ಹೆಚ್ಚು. ಅಜ್ಜ ಪೇಟೆಗೆ ಹೋಗಿ ಒಂದು ಡಜನ್ ಬಾಳೆಹಣ್ಣು, ಎರಡು ತೆಂಗಿನಕಾಯಿ, ನಾಲ್ಕು ಸೇಬು ತಂದರು. ದೊಡ್ಡ ಚೌಕಟ್ಟಿನಲ್ಲಿ ಅಷ್ಟೇ ತೂಗಿದವು. ನಮ್ಮ ಮನೆಯ ಮಾಟೋಳಿಗೆ ಸೇಬು ಬಂದದ್ದು ಹಾಗೆ. ಅನಾನಸ್ಸಿನ ಹಾಗೆ ಮಣ್ಣಿಗೆ ಇಳಿದು ಬಂದದ್ದಲ್ಲ, ದುಡ್ಡು ಕೊಟ್ಟು ತಂದದ್ದು. ಆಜಿ ಇವತ್ತಿಗೂ ಚೌತಿಯ ದಿನ ಸೇಬು ತಿನ್ನುವುದಿಲ್ಲ. ಕೇಳಿದರೆ ಹಲ್ಲಿಗೆ ತಣ್ಣಗಾಗುತ್ತದೆ ಅನ್ನುತ್ತಾರೆ.

ಮನೆಯಿಂದ ಮಾಟೋಳಿ ಪೆಂಡಾಲಿಗೂ ಹೋಯಿತು. ತಿಲಕರು 1893ರಲ್ಲಿ ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ಚಾಲನೆ ಕೊಟ್ಟರು. ನಾವೂ ಆಗ ಮುಂಬೈ ಇಲಾಖೆಯಲ್ಲೇ ಇದ್ದವರು, ಆ ಗಾಳಿ ಇಲ್ಲಿಗೂ ಬೀಸಿತು. ಪೆಂಡಾಲಿನ ಫಲಾವಳಿಗೆ ಊರವರೆಲ್ಲ ಒಂದೊಂದು ಕಾಯಿ ತಂದುಕೊಡುವುದು, ವಿಸರ್ಜನೆಯ ದಿನ ಒಂದೊಂದನ್ನೇ ಇಳಿಸಿ ಸವಾಲು ಕೂಗುವುದು. ಬೆಳಗ್ಗೆ ಹತ್ತು ರೂಪಾಯಿಗೆ ಕೇಳುವವರಿಲ್ಲದ ಸೌತೆಕಾಯಿಗೆ ಸಂಜೆ ಸಾವಿರ ಕೂಗಿದ್ದನ್ನು ನಾನೇ ವರದಿ ಮಾಡಿದ್ದೇನೆ. ನಮ್ಮಲ್ಲಿ ಕೆಲವರು ಇದನ್ನು ಲಿಲಾವು ಅನ್ನುತ್ತಾರೆ. ಆ ಪದವೂ ಪೋರ್ಚುಗೀಸರ 'ಲೈಲಾಂವ್'ದಿಂದ ಬಂದದ್ದೇ, ಅವರನ್ನು ಬಿಟ್ಟು ನಮಗೆ ಹಣ್ಣು ಮಾರಲೂ ಬರುವುದಿಲ್ಲ ನೋಡಿ. ಅತ್ತ ಗೋವಾದಲ್ಲಿ ಸರಕಾರದ ಕಲೆ ಮತ್ತು ಸಂಸ್ಕೃತಿ ನಿರ್ದೇಶನಾಲಯ ಪ್ರತಿ ವರ್ಷ ಮಾಟೋಳಿ ಸ್ಪರ್ಧೆ ನಡೆಸುತ್ತದೆ. ಅಲ್ಲಿ ನೂರಾರು ಬಗೆಯ ಕಾಯಿ, ಬೇರು, ಎಲೆ ಹುಡುಕಿ ತಂದು ಕಟ್ಟುವವರಿದ್ದಾರೆ. ನಮ್ಮ ಜೊಯಿಡಾದಲ್ಲಿ ಕುಣಬಿಗಳ ಗಡ್ಡೆ ಗೆಣಸಿನ ಮೇಳ ಇದೆ. ಮುಡ್ಲಿ, ಕೋನ, ಕಾಟೆ ಕಣಗ ನೋಡಲು ದೂರದೂರಿಂದ ಜನ ಬರುತ್ತಾರೆ. ಮಾಟೋಳಿಗೆ ಅಂಥದೊಂದು ಮೇಳ ಈ ಕಡೆ ಯಾಕೆ ಇರಬಾರದು ಎಂದು ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ತಲೆಗೆ ತುಂಬಿಕೊಂಡ ಹೊತ್ತಿಗೆ ಮೇ ತಿಂಗಳು ಬಂತು, ಅಣ್ಣನ ಮಗಳ ಮೊದಲ ಹುಟ್ಟುಹಬ್ಬ. ವಹಿನಿಗೆ ರೆಸಾರ್ಟಿನಲ್ಲಿ ನೋಡಿದಂಥ ಹಣ್ಣಿನ ಗುಡ್ಡ ಬೇಕಿತ್ತು. ಹುಬ್ಬಳ್ಳಿಯಿಂದ ತರಿಸಿದರೆ ಎಷ್ಟಾಗುತ್ತದೆ ಎಂದು ಅಣ್ಣ ಫೋನು ಮಾಡಿ ಕೇಳಿ ಸುಮ್ಮನಾದ. ನಾನೇ ಮಾಡುತ್ತೇನೆ ಅಂದೆ. ಮಾಟೋಳಿಯನ್ನು ಕೆಳಗೆ ಇಟ್ಟರೆ ಆಯಿತಲ್ಲ?

ಆಜಿ ಒಂದು ಷರತ್ತು ಹಾಕಿದರು. ಮೇಜಿನ ಮೇಲೆ ಇಡುವುದೆಲ್ಲ ತಿನ್ನುವಂಥದೇ ಇರಬೇಕು. ಮಾಟೋಳಿ ಕೈಗೆ ಎಟುಕದ ಎತ್ತರದಲ್ಲಿ ಇರುವುದಕ್ಕೂ ಕಾರಣ ಇದೆ ಎಂದು ನನಗೆ ಹೊಳೆದದ್ದು ಆಗ. ಕವಂಡಳ ನೋಡಲು ಚೆಂದ, ನಾಲಿಗೆಗೆ ಇಟ್ಟರೆ ಕಡು ಕಹಿ. ಚೌತಿಯ ಸಮಯಕ್ಕೆ ಬೇಲಿಯಲ್ಲಿ ಅರಳಿ ಗೌರಿಗೆ ಏರಿಸುವ ಅಗ್ನಿಶಿಖೆಯ ಗಡ್ಡೆಯಂತೂ ಘೋರ ವಿಷ. ದೇವರಿಗೆ ಎಲ್ಲವೂ ನಡೆಯುತ್ತದೆ, ಅಂಬೆಗಾಲಿಡುವ ಮಗುವಿಗೆ ನಡೆಯುವುದಿಲ್ಲ.

ನಡುವಿನ ಕಂಬಕ್ಕೆ ಬಾಳೆದಿಂಡು ತೆಗೆದುಕೊಂಡೆ. ರೆಸಾರ್ಟಿನವರು ಥರ್ಮಕೋಲು ಇಡುತ್ತಾರಂತೆ. ಒಂದೂವರೆ ಅಡಿ ಎತ್ತರಕ್ಕೆ ಕಡಿದು, ಮೇಲಿನ ಎರಡು ಪದರ ಸುಲಿದು, ಬುಡ ಸಮ ಮಾಡಿ ಹಿತ್ತಾಳೆ ತಟ್ಟೆಯಲ್ಲಿ ನಿಲ್ಲಿಸಿದೆ. ಅಲುಗಾಡದಂತೆ ಸುತ್ತ ನಾಲ್ಕು ಅನಾನಸ್ಸಿನ ಒತ್ತು. ಬಿದಿರು ಸೀಳಿ ಗೇಣುದ್ದದ ಕಡ್ಡಿ ಮಾಡಿ ದಿಂಡಿಗೆ ಸುತ್ತಲೂ ಚುಚ್ಚಿ, ಆ ಕಡ್ಡಿಗೆ ಹಣ್ಣು ಸಿಕ್ಕಿಸುವುದು. ಕಡ್ಡಿಯ ತುದಿ ಹಣ್ಣಿನ ಹೊರಗೆ ಬರಬಾರದು, ಮಕ್ಕಳ ಬಾಯಿಗೆ ಚುಚ್ಚುತ್ತದೆ. ಟೂತ್‌ಪಿಕ್ ಬೇಡವೇ ಬೇಡ. ಕೆಳಗೆ ಭಾರದ್ದು: ಅನಾನಸ್ಸಿನ ಹೋಳು, ಮಾವು, ಕಲ್ಲಂಗಡಿ. ನಡುವೆ ಹಲಸಿನ ತೊಳೆ, ಬಾಳೆ, ಪಪ್ಪಾಯಿ. ತುದಿಗೆ ಕರವಂದ, ಅಂದರೆ ಕವಳಿ ಹಣ್ಣಿನ ಗೊಂಚಲು, ಕೆಂಪು ಮುರುಗಲು. ಹಂಸ ಮಾಡಲು ನನಗೆ ಬರುವುದಿಲ್ಲ. ಒಂದು ಕಲ್ಲಂಗಡಿಯ ಅರ್ಧವನ್ನು ಬುಟ್ಟಿಯ ಹಾಗೆ ಕೊರೆದೆ, ಅದೂ ಒಂದು ಕಡೆ ಓರೆಯಾಯಿತು.

ಕವಳಿಯ ತೊಟ್ಟಿನಿಂದ ಹಾಲು ಬರುತ್ತದೆ, ಉಪ್ಪುನೀರಿನಲ್ಲಿ ಒಂದು ತಾಸು ಇಟ್ಟು ತೊಳೆದೆ. ಹಲಸಿನ ಮೇಣಕ್ಕೆ ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ. ಗೇರುಹಣ್ಣನ್ನೂ ತಂದಿದ್ದೆ, ಗಂಟಲು ಕೆರೆಯದಿರಲಿ ಎಂದು ಹೋಳು ಮಾಡಿ ಉಪ್ಪು ಸವರಿಟ್ಟೆ, ಆದರೂ ಮಧ್ಯಾಹ್ನದೊಳಗೆ ಮೆತ್ತಗಾಗಿ ನೀರು ಬಿಟ್ಟಿತು. ಅದು ಮೇಜಿಗೆ ಬರುವ ಹಣ್ಣಲ್ಲ. ಬಾಳೆಗೆ ನಿಂಬೆರಸ ಸವರುವುದನ್ನು ಮರೆತು ಅರ್ಧ ಗಂಟೆಯಲ್ಲಿ ಕಪ್ಪಾಯಿತು, ಕಿತ್ತು ಹೊಸದು ಹಾಕಿದೆ. ಎಲ್ಲ ಆಯಿತು ಅನ್ನುವಷ್ಟರಲ್ಲಿ ಮೇಜಿನ ಕಾಲಿನಿಂದ ಇರುವೆಯ ಸಾಲು. ಆಜಿ ಹೇಳಿದಂತೆ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟೆವು. ಮಾಟೋಳಿ ಜಂತಿಯಿಂದ ತೂಗುತ್ತಿತ್ತು, ಇಂಥ ನಾಲ್ಕು ಕಾಲಿನ ಕಾಟ ಅದಕ್ಕಿರಲಿಲ್ಲ.

ಒಂದು ಮಾತು, ಮನೆಯಲ್ಲಿ ಮಾಡುವವರಿಗೆ. ಕತ್ತರಿಸಿದ ಹಣ್ಣನ್ನು ಎರಡು ತಾಸಿಗಿಂತ ಹೆಚ್ಚು ಹೊರಗೆ ಇಡಬೇಡಿ, ಮೇ ತಿಂಗಳ ಸೆಕೆಯಾದರೆ ಒಂದೇ ತಾಸು. ಆದ್ದರಿಂದ ಇಡೀ ಹಣ್ಣುಗಳನ್ನು ಬೆಳಗ್ಗೆಯೇ ಜೋಡಿಸಿ, ಹೋಳುಗಳನ್ನು ಫ್ರಿಜ್ಜಿನಲ್ಲೋ ಮಂಜುಗಡ್ಡೆಯ ಡಬ್ಬಿಯಲ್ಲೋ ಇಟ್ಟು, ಕೇಕು ಕತ್ತರಿಸುವ ಮೊದಲು ಸಿಕ್ಕಿಸಿದರೆ ಸಾಕು.

ಸೆಲ್ಫಿ ಇಲ್ಲಿಯೂ ನಡೆಯಿತು. ಆದರೆ ನಾಲ್ಕು ಹುಡುಗರು ಮೊದಲ ಫೋಟೋ ಆಗುವ ಮೊದಲೇ ಕೆಳಗಿನ ಸಾಲು ಖಾಲಿ ಮಾಡಿದ್ದರು. ನೆರೆಮನೆಯ ಹುಡುಗಿಯೊಬ್ಬಳಿಗೆ ಮುರುಗಲು ಗೊತ್ತಿರಲಿಲ್ಲ. ಶರಬತ್ತಿನ ಬಾಟಲಿ ಗೊತ್ತು, ಹಣ್ಣು ಗೊತ್ತಿಲ್ಲ. ಕಚ್ಚಿ ಮುಖ ಹುಳಿ ಮಾಡಿಕೊಂಡು ಇನ್ನೊಂದು ಕೇಳಿದಳು. ರಾತ್ರಿಯ ಹೊತ್ತಿಗೆ ತಟ್ಟೆಯಲ್ಲಿ ಉಳಿದದ್ದು ದಿಂಡು ಮತ್ತು ಕಡ್ಡಿ. ದಿಂಡನ್ನು ವಹಿನಿ ಮರುದಿನ ಪಲ್ಯಕ್ಕೆ ಹೆಚ್ಚಿದರು, ಕಡ್ಡಿ ಒಲೆಗೆ ಹೋಯಿತು.

ಮುಗಿದ ಮೇಲೆ ಆಜಿ ಬೆರಳು ಮಡಚಿ ಎಣಿಸುತ್ತಾ ಕೂತಿದ್ದರು. ಹತ್ತು ಬಗೆ ಆಯಿತಂತೆ. ಸೂಪಾದ ಹಿತ್ತಲಿನಲ್ಲಿ ಮೇ ತಿಂಗಳಿಗೆ ಇನ್ನೂ ನಾಲ್ಕು ಇರುತ್ತಿದ್ದವು ಎಂದು ಹೆಸರು ಹೇಳತೊಡಗಿದರು. ಮೂರು ನೆನಪಾದವು. ನಾಲ್ಕನೆಯದಕ್ಕೆ ಬಣ್ಣ ಹೇಳಿದರು, ರುಚಿ ಹೇಳಿದರು, ಮರ ಬಾವಿಯ ಯಾವ ಮಗ್ಗುಲಿಗೆ ಇತ್ತು ಎಂದೂ ಹೇಳಿದರು. ಹೆಸರು ಮಾತ್ರ ಬರಲಿಲ್ಲ. ಹಳದಿ, ನಿಂಬೆಗಿಂತ ಸ್ವಲ್ಪ ದೊಡ್ಡದು, ಒಳಗೆ ಎರಡು ಬೀಜ, ಹುಳಿಸಿಹಿ. ಈ ಕಡೆಯ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಚೌತಿಯೊಳಗೆ ಆಜಿಗೆ ಹೇಳಬೇಕು.